ಮುಚ್ಚಳವಿಲ್ಲದ ಮೌಸ್

ಆಪಲ್ ಕಂಪನಿಯ ಮ್ಯಾಜಿಕ್ ಮೌಸ್ 2 ಬಂದದ್ದು 2015ರಲ್ಲಿ. ಚಾರ್ಜಿಂಗ್ ಕಿಂಡಿಯನ್ನು ಅದರ ತಳದಲ್ಲಿ ಇಟ್ಟದ್ದಕ್ಕೆ ಜನ ಇವತ್ತಿಗೂ ನಗುತ್ತಾರೆ. ಚಾರ್ಜಿಗೆ ಹಾಕಿದರೆ ಮೌಸನ್ನು ಮಗುಚಿ ಮಲಗಿಸಬೇಕು, ಅಷ್ಟು ಹೊತ್ತು ಕೆಲಸ ನಿಲ್ಲಬೇಕು ಎಂಬುದು ದೂರು. 2024ರಲ್ಲಿ ಕಿಂಡಿ ಯುಎಸ್‌ಬಿ-ಸಿ ಆಯಿತು, ಜಾಗ ಮಾತ್ರ ಬದಲಾಗಲಿಲ್ಲ. ನಗುವೂ ನಿಲ್ಲಲಿಲ್ಲ.

ನಗುವವರು ನೋಡಬೇಕಾದ್ದನ್ನು ನೋಡುತ್ತಿಲ್ಲ ಎಂದೇ ನನ್ನ ವಾದ. ಎರಡು ನಿಮಿಷದ ಚಾರ್ಜಿಗೆ ಒಂಬತ್ತು ಗಂಟೆ ನಡೆಯುತ್ತದೆ ಎಂದು ಕಂಪನಿ ಆಗಲೇ ಹೇಳಿತ್ತು. ಕಾಫಿ ಕುಡಿದು ಬರುವಷ್ಟರಲ್ಲಿ ತೀರುವ ತೊಂದರೆ ಅದು. ನಿಜವಾದ ನಷ್ಟ ಬೇರೆ. 2009ರ ಮೊದಲ ಮ್ಯಾಜಿಕ್ ಮೌಸಿನ ತಳದಲ್ಲಿ ಒಂದು ಮುಚ್ಚಳವಿತ್ತು, ಅದರೊಳಗೆ ಎರಡು ಡಬಲ್ ಎ ಸೆಲ್. ಮರುವರ್ಷ ಆಪಲ್ ತಾನೇ ಆರು ರೀಚಾರ್ಜ್ ಸೆಲ್ಲುಗಳ ಜೊತೆಗೆ ಚಾರ್ಜರನ್ನೂ ಮಾರಿತು. ಸರಿಯಾದ ಉತ್ತರ ಕೈಗೆ ಬಂದಿತ್ತು. ಐದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಬಿಟ್ಟು, ಲಿಥಿಯಂ ಬ್ಯಾಟರಿಯನ್ನು ಒಳಗಿಟ್ಟು ಮುಚ್ಚಿದರು. 2009ರ ಮೌಸು ಕೆಟ್ಟಿಲ್ಲದಿದ್ದರೆ ಬೀದಿ ಕೊನೆಯ ಅಂಗಡಿಯ ಸೆಲ್ಲಿನಿಂದ ಇಂದೂ ಓಡುತ್ತದೆ. 2015ರದ್ದರ ಆಯಸ್ಸು ಒಳಗಿನ ಬ್ಯಾಟರಿಯ ಆಯಸ್ಸಿಗೆ ಕಟ್ಟುಬಿದ್ದಿದೆ.

ಒಳಗೇ ಬ್ಯಾಟರಿ ಇದ್ದರೆ ಮುಂದುವರಿದದ್ದು, ಸೆಲ್ ಹಾಕುವುದಾದರೆ ಅಗ್ಗದ್ದು ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಫೋನಿಗೆ ಅದು ಒಪ್ಪುತ್ತದೆ, ಫೋನು ದಿನವೂ ಬ್ಯಾಟರಿ ಬರಿದು ಮಾಡುತ್ತದೆ. ಕೀಬೋರ್ಡು ಹಾಗಲ್ಲ. ಕೀಲಿ ಒತ್ತಿದಾಗ ಎಚ್ಚರಗೊಂಡು ಸುದ್ದಿ ಕಳಿಸಿ ಮತ್ತೆ ಮಲಗುವ ಯಂತ್ರ ಅದು. ಲಾಜಿಟೆಕ್‌ನ ಎಂ185 ಮೌಸಿಗೆ ಒಂದು ಡಬಲ್ ಎ ಸೆಲ್ಲಿನಲ್ಲಿ ಹನ್ನೆರಡು ತಿಂಗಳು, ಕೆ270 ಕೀಬೋರ್ಡಿಗೆ ಎರಡು ಟ್ರಿಪಲ್ ಎ ಸೆಲ್ಲುಗಳಲ್ಲಿ ಇಪ್ಪತ್ತನಾಲ್ಕು ತಿಂಗಳು ಎಂದು ಕಂಪನಿಯ ಲೆಕ್ಕ. ಕೀಬೋರ್ಡಿನ ಲೆಕ್ಕ ವರ್ಷಕ್ಕೆ 20 ಲಕ್ಷ ಒತ್ತುಗಳದ್ದು, ದಿನಕ್ಕೆ ಸುಮಾರು 5,500. (ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ‘ಸ್ತ್ರೀ’ ಎಂದು ಮೂಡಿಸಲು, ಶಿಫ್ಟ್ ಬಿಟ್ಟರೂ ಆರು ಒತ್ತು ಬೇಕು. ಕನ್ನಡ ಡಿಟಿಪಿ ಮಾಡುವವರು ಆ ತಿಂಗಳುಗಳನ್ನು ಹಾಗೇ ನಂಬುವುದು ಬೇಡ.) ಅದೇ ಕಂಪನಿಯ ಎಂಎಕ್ಸ್ ಕೀಸ್‌ನಲ್ಲಿ ಬ್ಯಾಟರಿ ಒಳಗೇ ಇದೆ. ಕೀಲಿಗಳ ಕೆಳಗಿನ ದೀಪ ಉರಿದರೆ ಹತ್ತು ದಿನ, ಆರಿಸಿದರೆ ಐದು ತಿಂಗಳು. ಅಂದರೆ ಅಲ್ಲಿ ಚಾರ್ಜನ್ನು ತಿನ್ನುವುದು ದೀಪ, ಬರವಣಿಗೆಯಲ್ಲ.

ಲಿಥಿಯಂ ಪರವಾಗಿ ಒಂದು ಲೆಕ್ಕ ಹೇಳುತ್ತಾರೆ: ಐನೂರು ಸಲ ಚಾರ್ಜ್ ಮಾಡಬಹುದು, ಮೌಸಿಗೆ ಎರಡು ತಿಂಗಳಿಗೊಮ್ಮೆ ಸಾಕು. ಈ ಲೆಕ್ಕದಲ್ಲಿ ಮೌಸು ಎಂಬತ್ತು ವರ್ಷ ಬಾಳಬೇಕು! ಆದರೆ ಲಿಥಿಯಂ ಬ್ಯಾಟರಿ ಬಳಸಿದರಷ್ಟೇ ಅಲ್ಲ, ಸುಮ್ಮನಿದ್ದರೂ ಮುಪ್ಪಾಗುತ್ತದೆ. ಪೂರ್ತಿ ತುಂಬಿಸಿ ಸೆಕೆಯಲ್ಲಿ ಇಟ್ಟರೆ ಬೇಗ ಸೊರಗುತ್ತದೆ, ಬರಿದಾಗಿ ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಬಿದ್ದರೆ ಮತ್ತೆ ಏಳದೆಯೂ ಹೋಗಬಹುದು. ಆಗ ಕೀಲಿ, ಗಾಲಿ, ಸೆನ್ಸರ್ ಎಲ್ಲ ನೆಟ್ಟಗಿರುವ ವಸ್ತು ಕಸಕ್ಕೆ ಹೋಗುತ್ತದೆ.

ಸೆಲ್ಲಿನ ಮೇಲಿನ ದೂರುಗಳಲ್ಲೂ ನಿಜವಿದೆ. ಒಮ್ಮೆ ಬಳಸಿ ಎಸೆಯುವ ಸೆಲ್ ಕಸವೇ. ಆಲ್ಕಲೈನ್ ಸೆಲ್ ಸೋರಿದರೆ ಅದರ ಕ್ಷಾರ ಸ್ಪ್ರಿಂಗನ್ನು ತಿಂದುಹಾಕುತ್ತದೆ. ಇದಕ್ಕೆ ಉತ್ತರ ಮುಚ್ಚಳ ತೆಗೆದುಹಾಕುವುದಲ್ಲ, ರೀಚಾರ್ಜ್ ಮಾಡಬಹುದಾದ ನಿಕಲ್-ಮೆಟಲ್ ಹೈಡ್ರೈಡ್ ಸೆಲ್. ಹಿಂದೆ ಆ ಸೆಲ್ಲುಗಳು ಸುಮ್ಮನಿಟ್ಟರೂ ಕೆಲವೇ ತಿಂಗಳಲ್ಲಿ ಬರಿದಾಗುತ್ತಿದ್ದವು, ವರ್ಷಕ್ಕೊಮ್ಮೆ ಸೆಲ್ ಕೇಳುವ ಮೌಸಿಗೆ ಪ್ರಯೋಜನವಿರಲಿಲ್ಲ. ಅನೇಕರ ಮನಸ್ಸಿನಲ್ಲಿ ಆ ಹಳೆಯ ಅನುಭವವೇ ಉಳಿದಿದೆ. 2005ರಲ್ಲಿ ಸ್ಯಾನ್ಯೊ ಕಂಪನಿ ಎನಿಲೂಪ್ ಸೆಲ್ ತಂದಮೇಲೆ ಪರಿಸ್ಥಿತಿ ಬದಲಾಯಿತು. ವರ್ಷ ಕಳೆದರೂ ಹೆಚ್ಚಿನ ಚಾರ್ಜ್ ಉಳಿಯುತ್ತದೆ, ನೂರಾರು ಸಲ ತುಂಬಿಸಬಹುದು. 1.5 ವೋಲ್ಟಿನ ಜಾಗದಲ್ಲಿ 1.2 ಇರುವುದರಿಂದ ಕೆಲವು ಕೀಬೋರ್ಡುಗಳು ‘ಬ್ಯಾಟರಿ ಕಡಿಮೆ’ ಎಂದು ಬೇಗ ಎಚ್ಚರಿಸುತ್ತವೆ. ಹೆದರಬೇಕಿಲ್ಲ, ಆ ವೋಲ್ಟೇಜು ಹೆಚ್ಚು ಇಳಿಯದೆ ಕೊನೆಯ ತನಕ ನಿಲ್ಲುತ್ತದೆ.

ಕಂಪ್ಯೂಟರ್ ಗೇಮ್ ಆಡುವವರ ಹಗುರ ಮೌಸಿನ ವಿಷಯ ಬೇರೆ. ಅಲ್ಲಿ ಒಂದು ಸೆಲ್ಲಿನ ಇಪ್ಪತ್ತೈದು ಗ್ರಾಮೂ ಭಾರ, ಸೆಕೆಂಡಿಗೆ ಸಾವಿರ ಸಲ ಸುದ್ದಿ ಕಳಿಸುವ ಖರ್ಚೂ ಇದೆ. ಅಲ್ಲಿಯೂ ಬ್ಯಾಟರಿಯನ್ನು ಸ್ಕ್ರೂ ಬಿಚ್ಚಿ ಬದಲಿಸುವಂತೆ ಮಾಡಲು ಯಾವ ಅಡ್ಡಿಯೂ ಇಲ್ಲ.

ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮ ಇದನ್ನೇ ಕೇಳುತ್ತದೆ. ಕೆಲವು ವಿನಾಯಿತಿ ಬಿಟ್ಟರೆ, 2027ರ ಫೆಬ್ರವರಿ 18ರಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಒಳ್ಳೆಯದೇ. ಆದರೆ ಅಂಟು ಹಾಕಿ ಮುಚ್ಚಿದ ಮೌಸಿನಿಂದ ಅದನ್ನು ಹೊರತೆಗೆಯುವವರು ಯಾರು? ಗುಜರಿ ಅಂಗಡಿಯ ಹುಡುಗ, ಸ್ಕ್ರೂಡ್ರೈವರಿನಿಂದ ಮೀಟಿ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಐರೋಪ್ಯ ಒಕ್ಕೂಟದಂಥ ಕಾನೂನು ಇಲ್ಲಿಗೂ ಬರಲಿ ಎಂದು ಕಾಯಬೇಕಾಗಿಲ್ಲ. ಸರ್ಕಾರಿ ಕಚೇರಿ, ಕಾಲೇಜು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಕೀಬೋರ್ಡು, ಮೌಸುಗಳನ್ನು ಕೊಳ್ಳುವುದು ಸಾವಿರಗಟ್ಟಲೆಯಲ್ಲಿ. ಸೆಲ್ ಬದಲಿಸಲು ಮುಚ್ಚಳವಿರಬೇಕು ಎಂಬ ಒಂದು ಸಾಲನ್ನು ಮುಂದಿನ ಟೆಂಡರಿನಲ್ಲೇ ಸೇರಿಸಲಿ.