ಪಾಲುದಾರ ಎಂಬ ಮೆದು ಮಾತು

2024ರ ಮೇ ಕೊನೆಯಲ್ಲಿ ಎಡಿನ್‌ಬರೋ ಅಂತರರಾಷ್ಟ್ರೀಯ ಪುಸ್ತಕೋತ್ಸವವು ಬೇಲಿ ಗಿಫರ್ಡ್ ಎಂಬ ಹೂಡಿಕೆ ಸಂಸ್ಥೆಯ ಪ್ರಾಯೋಜಕತ್ವವನ್ನು ಕೈಬಿಟ್ಟಿತು. ಅದೇ ಊರಿನ ಸಂಸ್ಥೆ. ಇಪ್ಪತ್ತು ವರ್ಷದ ನಂಟು. ಹಿಂದಿನ ವರ್ಷ ಗ್ರೇಟಾ ಥನ್‌ಬರ್ಗ್, ಆ ಸಂಸ್ಥೆಯ ಹೂಡಿಕೆ ತೈಲ-ಕಲ್ಲಿದ್ದಲು ಉದ್ಯಮದಲ್ಲೂ ಇದೆಯೆಂದು ಉತ್ಸವಕ್ಕೆ ಬರುವುದನ್ನು ರದ್ದು ಮಾಡಿದ್ದರು. ಐವತ್ತಕ್ಕೂ ಹೆಚ್ಚು ಲೇಖಕರು ಬಹಿರಂಗ ಪತ್ರ ಬರೆದರು. ಅಂಥ ಹೂಡಿಕೆ ಶೇ. 2ರಷ್ಟೇ ಎಂಬುದು ಸಂಸ್ಥೆಯ ಸಮಜಾಯಿಷಿ.

ಲೇಖಕರ ಪ್ರಶ್ನೆ ಸರಿಯಾಗಿಯೇ ಇತ್ತು. ನನ್ನ ತಕರಾರು ಉತ್ಸವದ ಉತ್ತರದ ಬಗ್ಗೆ. ನಂಟು ಮುರಿಯುವಾಗ ಅದು ಮುಂದಿಟ್ಟ ಕಾರಣ, ಸಿಬ್ಬಂದಿಯ ಮೇಲಿನ ಒತ್ತಡ ಸಹಿಸಲಾಗದಷ್ಟಾಗಿದೆ ಎಂಬುದು. ಹಣ ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು ಹಾಗೇ ಉಳಿಯಿತು. ಒಳ್ಳೆಯದಾದರೆ ಬಿಟ್ಟದ್ದೇಕೆ, ಅಲ್ಲವಾದರೆ ಇಪ್ಪತ್ತು ವರ್ಷ ಪಡೆದದ್ದೇಕೆ?

ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಕಾವ್ಯದೊಳಗೇ ಕೂರಿಸಿದ. ಹೊಗಳಿಕೆ ಅತಿಯೆನಿಸಬಹುದು, ಆದರೆ ಋಣ ಕಣ್ಣೆದುರಿಗಿದೆ, ಸಾವಿರ ವರ್ಷದ ಮೇಲೂ ಓದುಗ ಅದನ್ನು ತೂಗಿ ನೋಡಬಲ್ಲ. ಇಂದಿನ ಉತ್ಸವಗಳ ‘ಪಾಲುದಾರ’ ಬ್ಯಾನರಿನ ಮೂಲೆಯಲ್ಲಿ ನಿಂತಿರುತ್ತಾನೆ. ಎಡಿನ್‌ಬರೋದಲ್ಲಿ ಆ ಹೆಸರು ಶಾಲಾಮಕ್ಕಳ ಕಾರ್ಯಕ್ರಮಕ್ಕೂ ಅಂಟಿಕೊಂಡಿತ್ತು. ಆ ಮಕ್ಕಳನ್ನು ಕರೆತಂದ ಮೇಷ್ಟರುಗಳಿಗಾದರೂ ಹಣದ ಬಗ್ಗೆ ಒಂದು ನೇರ ಮಾತು ಸಲ್ಲಬೇಕಿತ್ತು.