ಮೂಕಚಿತ್ರದ ಅಭಿನಯವೂ ಹೆನಿ ಪೋರ್ಟೆನಳೂ

ಜರ್ಮನಿಯ ಮೂಕಚಿತ್ರಗಳ ಚರಿತ್ರೆಯಲ್ಲಿ ಹೆನಿ ಪೋರ್ಟೆನ್ (1890–1960) ಎಂಬ ನಟಿಗೆ ಅಗ್ರಸ್ಥಾನವುಂಟೆಂಬುದು ನಿರ್ವಿವಾದವಾದ ವಿಷಯ. ಆದರೆ ಆ ಸ್ಥಾನವು ಯಾವ ಗುಣದಿಂದ ದೊರೆಯಿತೆಂಬುದು ವಿಚಾರಾರ್ಹವಾಗಿದೆ. ಹೊಂಗೂದಲಿನ, ತುಂಬುಮೈಯ ಈ ನಟಿಯಲ್ಲಿ ಜರ್ಮನರು ತಮ್ಮ ಗೃಹಿಣಿಯ ಆದರ್ಶವನ್ನು ಕಂಡರು, ಕೀರ್ತಿಗೆ ಅದೇ ಕಾರಣ ಎಂದು ಹೇಳುವುದುಂಟು. ಈ ಮಾತು ಸುಳ್ಳಲ್ಲ. ಆದರೆ ಇದರಿಂದ ಆಕೆಯ ರೂಪವು ತಿಳಿಯುವುದೇ ಹೊರತು ಕಲೆಯು ತಿಳಿಯದು.

ಮಾಗ್ಡೆಬುರ್ಗ್ ನಗರದಲ್ಲಿ ಜನಿಸಿದ ಹೆನಿಯ ತಂದೆ ಫ್ರಾಂಟ್ಸ್ ಪೋರ್ಟೆನ್ ಸಂಗೀತನಾಟಕಗಳ ಗಾಯಕ. 1906ರಲ್ಲಿ ಆಕೆ ಓಸ್ಕರ್ ಮೆಸ್ಟರನ ನಾದಚಿತ್ರಗಳಲ್ಲಿ ಕಾಣಿಸಿಕೊಂಡಳು. ಇವುಗಳಲ್ಲಿ ಹಾಡು ಗ್ರಾಮೋಫೋನಿನದು. ನಟರು ಅದಕ್ಕೆ ಸರಿಯಾಗಿ ತುಟಿಯಾಡಿಸಿ ಅಭಿನಯಿಸಬೇಕು. ಪರರ ಕಂಠದಿಂದ ಹೊರಟ ಭಾವವನ್ನು ತನ್ನ ಮೈಯಿಂದ ತೋರುವ ಈ ಅಭ್ಯಾಸವು, ಕಂಠವೇ ಇಲ್ಲದ ಚಿತ್ರಗಳಿಗೆ ಒಳ್ಳೆಯ ಶಿಕ್ಷಣವಾಯಿತೆಂದು ಊಹಿಸಬಹುದು.

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ವಿಧವೆಂಬುದು ನಮ್ಮ ಲಾಕ್ಷಣಿಕರ ಮತ. ಮೂಕಚಿತ್ರದಲ್ಲಿ ವಾಚಿಕಕ್ಕೆ ಅವಕಾಶವಿಲ್ಲದುದರಿಂದ ಅನೇಕ ನಟರು ಆಂಗಿಕವನ್ನು ಅತಿಯಾಗಿ ಬೆಳೆಸಿ ಆ ಕೊರತೆಯನ್ನು ತುಂಬಲೆಳಸಿದರು. ಲುಬಿಟ್ಷನು 1920ರಲ್ಲಿ ನಿರ್ದೇಶಿಸಿದ 'ಕೋಲ್‌ಹೀಸೆಲನ ಪುತ್ರಿಯರು' ಎಂಬ ಪ್ರಹಸನದಲ್ಲಿ, ಸೌಮ್ಯಳಾದ ಗ್ರೇಟೆಲ್, ಒರಟಳಾದ ಲೀಸೆಲ್ ಎಂಬ ಅಕ್ಕತಂಗಿಯರಿಬ್ಬರೂ ಪೋರ್ಟೆನಳೇ. ಲೀಸೆಲಳಲ್ಲಿ ಗೃಹಿಣಿಯ ಆದರ್ಶದ ಗಂಧವೂ ಇಲ್ಲ. ಆದರೂ ಪಾತ್ರವು ಗೆದ್ದಿತು. ರೂಪವೊಂದೇ ಕಾರಣವಾಗಿದ್ದರೆ ಇದು ಹೇಗೆ ಸಾಧ್ಯ?

ಸಾತ್ತ್ವಿಕಕ್ಕೆ 1921ರ 'ಹಿಂಬದಿಯ ಮೆಟ್ಟಿಲು' ಉತ್ತಮ ನಿದರ್ಶನ. ಕಾರ್ಲ್ ಮೇಯರನ ಕಥೆ. ಯೆಸ್ನರ್ ಮತ್ತು ಲೆನಿ ನಿರ್ದೇಶಕರು. ಪ್ರಿಯನ ಪತ್ರಕ್ಕಾಗಿ ಮನೆಗೆಲಸದ ಹುಡುಗಿಯೊಬ್ಬಳು ಕಾಯುತ್ತಾಳೆ. ಅವಳನ್ನು ಮೋಹಿಸಿದ ಅಂಚೆಯವನು ಆ ಪತ್ರಗಳನ್ನು ಬಚ್ಚಿಡುತ್ತಾನೆ. ಕಥೆಯನ್ನು ವಿವರಿಸುವ ಲಿಖಿತ ವಾಕ್ಯಗಳು ಅತ್ಯಲ್ಪ. ಅಂಚೆಯವನಾದ ಕೋರ್ಟ್ನರನ ಅಭಿನಯವು ಬಾಗಿದ ಮೈಯಲ್ಲಿಯೂ ಬಿಗಿದ ಮುಖದಲ್ಲಿಯೂ ಭಾವವನ್ನು ಎತ್ತಿ ತೋರಿದರೆ, ಪೋರ್ಟೆನಳು ನಿರೀಕ್ಷೆಯು ನಿರಾಶೆಯಾಗುವುದನ್ನು ನಿತ್ಯದ ಚಲನೆಗಳಲ್ಲಿಯೇ ಅಡಗಿಸಿ ತೋರುತ್ತಾಳೆ.

ಆಕೆಯ ಚಿತ್ರಗಳೆಲ್ಲವೂ ಈ ಮಟ್ಟದವಲ್ಲ; ದುಃಖಿನಿಯಾದ ಸಾಧ್ವಿಯ ಪಾತ್ರವು ಮತ್ತೆ ಮತ್ತೆ ಬಂದು ಬೇಸರ ತರುವುದೂ ಉಂಟು. ಆದರೆ ಆದರ್ಶರೂಪವೇ ಕೀರ್ತಿಯ ಸರ್ವಸ್ವವೆಂಬ ವಾದಕ್ಕೆ ಆಕೆಯ ಉತ್ತರ ಜೀವನವೇ ಒಂದು ಆಕ್ಷೇಪವಾಗಿದೆ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಅವರಿಗೆ ಬೇಕಾದ ಜರ್ಮನ್ ಸ್ತ್ರೀರೂಪವು ಆಕೆಯಲ್ಲಿತ್ತು. ಆದರೆ ಆಕೆಯ ಪತಿ, ವೈದ್ಯ ವಿಲ್ಹೆಲ್ಮ್ ಫಾನ್ ಕೌಫ್‌ಮನ್, ಯೆಹೂದಿ ವಂಶದವನು. ವಿವಾಹವಿಚ್ಛೇದನಕ್ಕೆ ಆಕೆ ಒಪ್ಪಲಿಲ್ಲ, ಪಾತ್ರಗಳು ವಿರಳವಾದುವು. ತೆರೆಯ ಮೇಲೆ ಯಾವ ನಿಷ್ಠೆಯನ್ನು ರಾಷ್ಟ್ರವು ಮೆಚ್ಚಿತ್ತೋ, ಅದನ್ನು ಬಾಳಿನಲ್ಲಿ ಕಂಡಾಗ ಅಂದಿನ ಪ್ರಭುತ್ವವು ದಂಡಿಸಿತು. ಆದುದರಿಂದ ಪೋರ್ಟೆನಳನ್ನು ರಾಷ್ಟ್ರದ ಸಂಕೇತವೆಂದಷ್ಟೇ ಎಣಿಸದೆ, ನಟಿಯೆಂದು ಪರಿಶೀಲಿಸುವುದೇ ನ್ಯಾಯವಾದುದು.