ಚಿತ್ರದ ಸಾಕ್ಷ್ಯವೂ ಜರಾಯುವಿನ ಸಾಕ್ಷ್ಯವೂ: 1617ರ ಅವಳಿ ಶಿಶುಗಳ ರೋಗನಿರ್ಣಯದ ವಿಮರ್ಶೆ

ಗತಿಸಿದವರ ವ್ಯಾಧಿಗಳನ್ನು ಇಂದಿನ ವೈದ್ಯಶಾಸ್ತ್ರದ ಸಹಾಯದಿಂದ ಗುರುತಿಸುವ ಪ್ರಯತ್ನಗಳು ಇತಿಹಾಸದ ಅಭ್ಯಾಸಿಗೆ ಕುತೂಹಲಕರವಾದುವು. ಆದರೆ ಶಾಸನವೊಂದರ ಪಾಠವನ್ನು ನಾವು ಯಾವ ನಿಷ್ಠುರತೆಯಿಂದ ಪರೀಕ್ಷಿಸುತ್ತೇವೆಯೋ ಅದೇ ನಿಷ್ಠುರತೆ ಇಲ್ಲಿಯೂ ಅವಶ್ಯ. 2000ನೆಯ ಇಸವಿಯಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಒಂದು ಕಿರುಲೇಖನವನ್ನು ಈ ದೃಷ್ಟಿಯಿಂದ ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಚಾರಕ್ಕೆ ಆಧಾರ 1617ರ ಒಂದು ಡಚ್ ವರ್ಣಚಿತ್ರ. ಆಮ್‌ಸ್ಟರ್‌ಡ್ಯಾಮ್ ನಗರದ ಮೇಯರ್ ಪದವಿಯನ್ನು ವಹಿಸಿದ್ದ ಯಾಕೊಬ್ ದ ಗ್ರಾಫ್ ಎಂಬಾತನ, ಎಳವೆಯಲ್ಲಿಯೇ ತೀರಿಕೊಂಡ ಅವಳಿ ಮಕ್ಕಳು ಇವರೆಂದು ಗುರುತಿಸಲಾಗಿದೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಲ್ಪಟ್ಟ ಎರಡು ಶಿಶುಗಳು. ಒಂದರ ಮುಖ ಬಿಳಿಚಿಕೊಂಡಿದೆ, ಇನ್ನೊಂದರದು ಕೆಂಪಡರಿದೆ. ಗರ್ಭದಲ್ಲಿ ಒಂದರ ರಕ್ತವು ಇನ್ನೊಂದಕ್ಕೆ ಹರಿದುದೇ ಇದಕ್ಕೆ ಕಾರಣವೆಂಬುದು ಲೇಖನದ ತೀರ್ಮಾನ; ಅದರ ಶೀರ್ಷಿಕೆಯೇ ಈ ನಿರ್ಣಯವನ್ನು ಸಾರುತ್ತದೆ.

ಇಂತಹ ರಕ್ತಸಂಚಾರವು ಕಲ್ಪನೆಯಲ್ಲ. ಏಕಾಂಡಜನ್ಯ ಅವಳಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಒಂದೇ ಜರಾಯುವನ್ನು, ಎಂದರೆ ಮಾಸನ್ನು, ಹಂಚಿಕೊಂಡು ಬೆಳೆಯುತ್ತವೆ. ಅದರಲ್ಲಿ ಇಬ್ಬರ ರಕ್ತನಾಳಗಳೂ ಕೂಡಿಕೊಂಡಿರುತ್ತವೆ. ಜರ್ಮನಿಯ ರಾಸ್ಟಾಕ್ ವಿಶ್ವವಿದ್ಯಾನಿಲಯದ ಫ್ರೀಡ್ರಿಕ್ ಶಾಟ್ಸ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಇದನ್ನು ‘ತೃತೀಯ ಪರಿಚಲನೆ’ ಎಂದು ಕರೆದನು. ಒಬ್ಬನ ಅಪಧಮನಿಯಿಂದ ಬಂದ ರಕ್ತವು ಜರಾಯುವಿನ ಆಳದಲ್ಲಿ ಹಾದು ಇನ್ನೊಬ್ಬನ ಅಭಿಧಮನಿಯನ್ನು ಸೇರಿದರೆ ಹರಿವು ಏಕಮುಖವಾಗುತ್ತದೆ. ಮೇಲ್ಮೈಯಲ್ಲಿ ಅಪಧಮನಿಗಳೆರಡು ಕೂಡಿಕೊಂಡಿದ್ದರೆ ಮಾತ್ರ ಆ ನಷ್ಟವು ಬಹುಮಟ್ಟಿಗೆ ಸರಿತೂಗುತ್ತದೆ. ತೂಗದಿದ್ದಾಗ ಜರಾಯುವೇ ಎರಡು ಬಗೆಯಾಗುತ್ತದೆ: ರಕ್ತ ಕೊಟ್ಟ ಶಿಶುವಿನ ಭಾಗವು ಬಿಳಿಚಿ, ಅದರ ಸೂಕ್ಷ್ಮ ಅಂಕುರಗಳು ನೀರು ತುಂಬಿ ಉಬ್ಬಿರುವುದುಂಟು, ಪಡೆದ ಶಿಶುವಿನ ಭಾಗವು ರಕ್ತ ತುಂಬಿ ಕಡುಗೆಂಪಾಗಿರುತ್ತದೆ. ಕೊಟ್ಟ ಶಿಶುವಿನ ಹೊಕ್ಕುಳಬಳ್ಳಿಯು ಜರಾಯುವಿನ ಅಂಚಿಗೋ ಬರಿಯ ಪೊರೆಗೋ ಅಂಟಿಕೊಂಡಿರುವುದೂ ಅಪೂರ್ವವಲ್ಲ.

ಇಷ್ಟನ್ನೂ ಒಪ್ಪಿದರೂ ಲೇಖನದ ನಿರ್ಣಯಕ್ಕೆ ಎರಡು ಆಕ್ಷೇಪಣೆಗಳಿವೆ. ಮೊದಲನೆಯದು ಲಕ್ಷಣವನ್ನು ಕುರಿತದ್ದು. ಹಿಂದೆ ಜನನಾನಂತರ ಹಿಮೋಗ್ಲೋಬಿನ್ನಿನ ವ್ಯತ್ಯಾಸವನ್ನೂ ತೂಕದ ವ್ಯತ್ಯಾಸವನ್ನೂ ನೋಡಿ ಈ ವ್ಯಾಧಿಯನ್ನು ನಿರ್ಣಯಿಸುತ್ತಿದ್ದರು. ಆ ಕ್ರಮವನ್ನು ಈಗ ಕೈಬಿಡಲಾಗಿದೆ. 1999ರಲ್ಲಿ ಕ್ವಿಂಟೆರೊ ಹಂತಗಳನ್ನು ನಿಗದಿಪಡಿಸಿದಂದಿನಿಂದ ಆಧಾರವಾಗಿರುವುದು ಗರ್ಭಜಲ: ಒಂದು ಚೀಲದಲ್ಲಿ ಅದರ ಆಳ 2 ಸೆಂಟಿಮೀಟರಿಗೆ ಮೀರದೆ, ಇನ್ನೊಂದರಲ್ಲಿ 8 ಸೆಂಟಿಮೀಟರಿಗೆ ಕಡಮೆಯಿಲ್ಲದಿರಬೇಕು. ಬಣ್ಣವು ಈ ಲಕ್ಷಣದಲ್ಲಿ ಸೇರಿಯೇ ಇಲ್ಲ.

ಎರಡನೆಯದು ಇನ್ನೂ ಗಂಭೀರವಾದುದು. ಒಂದು ಬಿಳಿಚಿದ, ಒಂದು ಕೆಂಪಾದ ಶಿಶುವಿಗೆ ಕನಿಷ್ಠ ಇನ್ನೆರಡು ಕಾರಣಗಳು ಸಾಧ್ಯ. 1 ಮಿಲಿಮೀಟರಿಗಿಂತ ಕಿರಿದಾದ ಕೆಲವೇ ನಾಳಗಳ ಮೂಲಕ ರಕ್ತವು ವಾರಗಟ್ಟಲೆ ಜಿನುಗಿ, ಗರ್ಭಜಲದಲ್ಲಿ ಅಂತಹ ಏರುಪೇರಿಲ್ಲದೆಯೇ ಒಬ್ಬನಿಗೆ ರಕ್ತಹೀನತೆಯೂ ಇನ್ನೊಬ್ಬನಿಗೆ ರಕ್ತಾಧಿಕ್ಯವೂ ಉಂಟಾಗಬಹುದು. ನೆದರ್ಲೆಂಡ್ಸಿನ ಲೈಡನ್ನಿನ ವೈದ್ಯರು 2007ರಲ್ಲಿ ಪ್ರಕಟವಾದ ಬರಹದಲ್ಲಿ ಇದನ್ನು ಪ್ರತ್ಯೇಕ ಸ್ಥಿತಿಯೆಂದು ನಿರೂಪಿಸಿದರು. ವಿಮರ್ಶಿತ ಲೇಖನವು ಅದಕ್ಕೆ ಹಿಂದಿನದಾದ್ದರಿಂದ ಇದನ್ನು ಲೇಖಕರ ದೋಷವೆನ್ನಲಾಗದು. ಇಲ್ಲವೇ ಹೆರಿಗೆಯ ವೇಳೆಯಲ್ಲಿಯೇ ದೊಡ್ಡ ನಾಳಗಳ ಮೂಲಕ ರಕ್ತವು ಒಮ್ಮೆಲೇ ಹರಿದಿರಬಹುದು. ಶಿಶುಗಳ ಮುಖದಲ್ಲಿ ಈ ಮೂರೂ ಒಂದೇ ತೆರನಾಗಿ ಕಾಣುತ್ತವೆ. ಜರಾಯುವಿನಲ್ಲಿ ಮಾತ್ರ ಬೇರೆಬೇರೆ ಗುರುತುಗಳನ್ನುಳಿಸುತ್ತವೆ. ಇಂದಿನ ವೈದ್ಯರು ನಾಳಗಳಿಗೆ ಬಣ್ಣ ತುಂಬಿ ಅವುಗಳ ಗಾತ್ರವನ್ನೂ ದಿಕ್ಕನ್ನೂ ಅಳೆಯುವುದು ಈ ಕಾರಣದಿಂದಲೇ. ನಮ್ಮ ಮುಂದಿರುವುದು ಮುಖ. ಮೂಲ ದಾಖಲೆಯಾದ ಜರಾಯು ನಾಲ್ಕು ಶತಮಾನಗಳ ಹಿಂದೆಯೇ ಕಳೆದುಹೋಗಿದೆ.

ಇದಲ್ಲದೆ ಸುತ್ತಿದ ಬಟ್ಟೆಯು ಮಕ್ಕಳ ಮೈಯನ್ನು ಮರೆಮಾಡಿದೆ. ಒಂದು ಗಂಡು, ಒಂದು ಹೆಣ್ಣಾಗಿದ್ದರೆ ಒಂದೇ ಜರಾಯುವಿನ ಮಾತು ಬಹುಪಾಲು ಬಿದ್ದುಹೋಗುತ್ತದೆ. ಅದನ್ನು ಚಿತ್ರವು ಹೇಳದು. ಕಲಾವಿದನು ಜೀವಂತ ಶಿಶುಗಳನ್ನು ಕಂಡನೋ ಶವಗಳನ್ನೋ ಎಂಬುದೂ ಚಿತ್ರದಿಂದ ತಿಳಿಯದು.

ಹಾಗಾದರೆ ಲೇಖನವು ವ್ಯರ್ಥವೇ? ಹಾಗೆನ್ನುವುದು ಅನ್ಯಾಯ. ಹಾರ್ವೆಯ ರಕ್ತಪರಿಚಲನೆಯ ಗ್ರಂಥವು ಅಚ್ಚಾದುದು 1628ರಲ್ಲಿ; ಅದಕ್ಕೆ ಹನ್ನೊಂದು ವರ್ಷ ಮೊದಲೇ, ಕಾರಣವನ್ನರಿಯದ ಕೈಯೊಂದು ತಾನು ಕಂಡ ವ್ಯತ್ಯಾಸವನ್ನು ತಿದ್ದದೆ ಬರೆದಿಟ್ಟಿತೆಂಬ ಸಂಭವವನ್ನು ಈ ಲೇಖಕರು ನಮಗೆ ತೋರಿಸಿಕೊಟ್ಟರು. ಸಂಭವವೆಂದು ಹೇಳಿದ್ದರೆ ಅದು ಪೂರ್ಣವಾಗಿ ಒಪ್ಪತಕ್ಕ ಮಾತಾಗುತ್ತಿತ್ತು. ಚಿತ್ರವು ವರ್ಣಭೇದಕ್ಕೆ ಸಾಕ್ಷಿ, ಅದರ ಕಾರಣಕ್ಕಲ್ಲ. ಸಾಕ್ಷಿಯು ನುಡಿದಷ್ಟನ್ನೇ ನಂಬುವುದು, ನುಡಿಯದುದನ್ನು ಅದರ ಬಾಯಲ್ಲಿ ಇಡದಿರುವುದು ವೈದ್ಯನಿಗೂ ಇತಿಹಾಸಕಾರನಿಗೂ ಸಮಾನವಾದ ಧರ್ಮ.